ನೀರನ್ನು ಎಚ್₂ಒ ಎಂದು ಬರೆಯಲು ಕಲಿಸಿದ ಬರ್ಜೀಲಿಯಸ್

ಹೈಸ್ಕೂಲಿನಲ್ಲಿ ಮೂಲಧಾತುಗಳ ಸಂಕೇತಗಳನ್ನು ಬಾಯಿಪಾಠ ಮಾಡುವಾಗ ಬಹುತೇಕ ಎಲ್ಲರೂ ಒಂದು ಕಡೆ ಎಡವುತ್ತಾರೆ. ಹೈಡ್ರೋಜನ್‌ಗೆ ಎಚ್, ಆಕ್ಸಿಜನ್‌ಗೆ ಒ, ಕಾರ್ಬನ್‌ಗೆ ಸಿ. ಇಲ್ಲಿಯವರೆಗೆ ಸರಿ. ಆದರೆ ಸೋಡಿಯಂಗೆ ಎನ್‌ಎ ಯಾಕೆ? ಪೊಟ್ಯಾಶಿಯಂಗೆ ಕೆ ಯಾಕೆ? ಕಬ್ಬಿಣಕ್ಕೆ ಎಫ್‌ಇ, ಸೀಸಕ್ಕೆ ಪಿಬಿ ಎಲ್ಲಿಂದ ಬಂದವು? ಅವು ಲ್ಯಾಟಿನ್ ಹೆಸರುಗಳು ಎಂಬ ಒಂದು ಸಾಲಿನ ಉತ್ತರ ಸಿಗುತ್ತದೆ, ಪಾಠ ಮುಂದಕ್ಕೆ ಹೋಗುತ್ತದೆ. ಹೀಗಾಗಿ ಈ ಸಂಕೇತಗಳು ಪುರಾತನ ಕಾಲದಿಂದ ಬಂದವು ಎಂದೋ, ವಿಜ್ಞಾನಿಗಳೆಲ್ಲ ಒಂದೆಡೆ ಕೂತು ತೀರ್ಮಾನಿಸಿದರು ಎಂದೋ ನಾವು ಅಂದುಕೊಂಡಿರುತ್ತೇವೆ. ಎರಡೂ ನಿಜವಲ್ಲ. 1813-14ರಲ್ಲಿ ಸ್ವೀಡನ್ನಿನ ಒಬ್ಬ ವೈದ್ಯರು, ತಮ್ಮ ಪ್ರಯೋಗಗಳ ಲೆಕ್ಕ ಬರೆದಿಡುವ ಅನುಕೂಲಕ್ಕಾಗಿ, ಈ ಪದ್ಧತಿಯನ್ನು ಮುಂದಿಟ್ಟರು. ಅವರ ಹೆಸರು ಯೋನ್ಸ್ ಯಾಕೊಬ್ ಬರ್ಜೀಲಿಯಸ್.

ಅವರು ಮಾಡಿದ್ದು ಎಷ್ಟು ದೊಡ್ಡ ಕೆಲಸ ಎಂದು ತಿಳಿಯಬೇಕಾದರೆ ಅದಕ್ಕೂ ಮೊದಲು ಏನಿತ್ತು ಎಂದು ನೋಡಬೇಕು. ನಮ್ಮ ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನು ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಮಾಡುತ್ತಾರೆ. ಮೈಲುತುತ್ತ ಎಂಬ ಹೆಸರು ಸೊಗಸಾಗಿದೆ. ಆದರೆ ಅದರೊಳಗೆ ತಾಮ್ರ, ಗಂಧಕ, ಆಮ್ಲಜನಕ ಮತ್ತು ನೀರು ಇವೆ ಎಂದು ಆ ಹೆಸರಿನಿಂದ ಗೊತ್ತಾಗುವುದಿಲ್ಲ. 18ನೇ ಶತಮಾನದ ಯುರೋಪಿನಲ್ಲೂ ಇದೇ ಸ್ಥಿತಿ. ಗ್ಲಾಬರನ ಉಪ್ಪು, ಆಂಟಿಮನಿಯ ಬೆಣ್ಣೆ, ಸತುವಿನ ಹೂವು, ಗಂಧಕದ ಯಕೃತ್ತು ಎಂಬಂಥ ಹೆಸರುಗಳು ಬಳಕೆಯಲ್ಲಿದ್ದವು. ಕಂಡುಹಿಡಿದವರ ಹೆಸರು, ಊರಿನ ಹೆಸರು, ಬಣ್ಣ, ರೂಪ, ಯಾವುದರಿಂದ ಬೇಕಾದರೂ ಒಂದು ಹೆಸರು ಹುಟ್ಟುತ್ತಿತ್ತು. ಆಂಟಿಮನಿಯ ಬೆಣ್ಣೆ ನಿಜಕ್ಕೂ ಚರ್ಮ ಸುಡುವ ವಸ್ತು!

1787ರಲ್ಲಿ ಫ್ರಾನ್ಸಿನ ಗೀಟನ್ ದ ಮೊರ್ವೋ, ಲವಾಸಿಯೆ, ಬರ್ತೊಲೆ ಮತ್ತು ಫುರ್‌ಕ್ರುವಾ ಸೇರಿ ಇದಕ್ಕೊಂದು ವ್ಯವಸ್ಥೆ ತಂದರು. ವಸ್ತುವಿನ ಹೆಸರು ಅದರಲ್ಲಿರುವ ಧಾತುಗಳನ್ನು ಹೇಳಬೇಕು ಎಂಬುದು ಅವರ ನಿಯಮ. ಇಂದು ನಾವು ಬಳಸುವ ಸಲ್ಫೇಟ್, ಸಲ್ಫೈಟ್ ಎಂಬ ಕೊನೆಗಳು ಅಲ್ಲಿಂದ ಬಂದವು. ಹೆಸರುಗಳು ಸರಿದಾರಿಗೆ ಬಂದವು ನಿಜ, ಆದರೆ ಎಷ್ಟು ಎಂಬುದನ್ನು ಹೆಸರು ಹೇಳುತ್ತಿರಲಿಲ್ಲ. ಜೊತೆಗೆ ಒಂದು ತಪ್ಪೂ ಆ ಹೆಸರುಗಳೊಳಗೆ ಸೇರಿಕೊಂಡಿತ್ತು. ಅದರ ಕಥೆ ಮುಂದೆ ಬರುತ್ತದೆ.

ಸಾಲದಲ್ಲಿದ್ದ ವೈದ್ಯ

ಬರ್ಜೀಲಿಯಸ್ ಹುಟ್ಟಿದ್ದು 1779ರ ಆಗಸ್ಟ್ 20ರಂದು, ದಕ್ಷಿಣ ಸ್ವೀಡನ್ನಿನ ವೆವರ್‌ಸುಂಡ ಎಂಬ ಹಳ್ಳಿಯಲ್ಲಿ. ತಂದೆ ಶಾಲಾ ಶಿಕ್ಷಕರು. ಮಗುವಿಗೆ ನಾಲ್ಕು ವರ್ಷವಾಗಿದ್ದಾಗ ತೀರಿಕೊಂಡರು. ತಾಯಿ ಒಬ್ಬ ಪಾದ್ರಿಯನ್ನು ಮರುಮದುವೆಯಾದರು, ಕೆಲವೇ ವರ್ಷಗಳಲ್ಲಿ ಅವರೂ ಹೋದರು. ಮಲತಂದೆ ಮತ್ತೆ ಮದುವೆಯಾದ ಮೇಲೆ ಹುಡುಗ ಸೋದರಮಾವನ ಮನೆ ಸೇರಬೇಕಾಯಿತು. ಅಲ್ಲಿ ಸುಖವಿರಲಿಲ್ಲ. ಮನೆಪಾಠ ಹೇಳಿ ಸ್ವಲ್ಪ ದುಡಿದು, 1796ರಲ್ಲಿ ಉಪ್ಸಾಲ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರಕ್ಕೆ ಸೇರಿದರು.

1800ರಲ್ಲಿ ಇಟಲಿಯ ವೋಲ್ಟಾ ವಿದ್ಯುತ್ ಕೋಶ ಮಾಡಿದ ಸುದ್ದಿ ಯುರೋಪಿನ ತುಂಬ ಹಬ್ಬಿತು. ಹೊಸ ತಂತ್ರಜ್ಞಾನ ಬಂದಾಗಲೆಲ್ಲ ಆಗುವಂತೆ, ಅದರಿಂದ ರೋಗಗಳು ಗುಣವಾಗುತ್ತವೆ ಎಂಬ ಮಾತೂ ಹಬ್ಬಿತು. ಬರ್ಜೀಲಿಯಸ್ ಸತುವಿನ ಬಿಲ್ಲೆಗಳು ಮತ್ತು ತಾಮ್ರದ ನಾಣ್ಯಗಳನ್ನು ಒಂದರ ಮೇಲೊಂದು ಜೋಡಿಸಿ ತಾವೇ ಕೋಶ ಕಟ್ಟಿ, ರೋಗಿಗಳ ಮೇಲೆ ಪರೀಕ್ಷಿಸಿದರು. 1802ರ ಅವರ ವೈದ್ಯಕೀಯ ಪ್ರಬಂಧದ ವಿಷಯ ಅದೇ. ಹೇಳಿಕೊಳ್ಳುವಂಥ ಲಾಭವೇನೂ ಕಾಣಲಿಲ್ಲ. ಇಂದಿಗೂ ಜಾಲತಾಣಗಳಲ್ಲಿ ಕಾಂತದ ಪಟ್ಟಿ, ವಿದ್ಯುತ್ ಬಳೆಗಳನ್ನು ಮಾರುವವರು 200 ವರ್ಷಗಳ ಹಿಂದಿನ ಆ ಪ್ರಬಂಧವನ್ನು ಓದಿದರೆ ಒಳ್ಳೆಯದಿತ್ತು.

ಆ ಕೋಶ ರೋಗಿಗಳಿಗೆ ಉಪಯೋಗವಾಗದಿದ್ದರೂ ರಸಾಯನಶಾಸ್ತ್ರಕ್ಕೆ ಆಯಿತು. ಸ್ಟಾಕ್‌ಹೋಮ್‌ನಲ್ಲಿ ಸಂಬಳವಿಲ್ಲದ ಸಹಾಯಕರಾಗಿ, ಬಡವರ ವೈದ್ಯರಾಗಿ ಕೆಲಸ ಮಾಡುತ್ತಿದ್ದಾಗ ಅವರು ಗಣಿ ಮಾಲೀಕ ವಿಲ್‌ಹೆಲ್ಮ್ ಹಿಸಿಂಗರ್ ಮನೆಯಲ್ಲಿ ವಾಸವಿದ್ದರು. ಇಬ್ಬರೂ ಸೇರಿ ಉಪ್ಪಿನ ದ್ರಾವಣಗಳೊಳಗೆ ವಿದ್ಯುತ್ ಹರಿಸಿದರು. ಲೋಹ, ಕ್ಷಾರಗಳು ಒಂದು ಕಡೆಗೆ, ಆಮ್ಲ ಮತ್ತು ಆಮ್ಲಜನಕ ಇನ್ನೊಂದು ಕಡೆಗೆ ಬೇರ್ಪಟ್ಟವು. ಪ್ರತಿ ಸಂಯುಕ್ತವೂ ಒಂದು ಧನ ಭಾಗ ಮತ್ತು ಒಂದು ಋಣ ಭಾಗದ ಜೋಡಿ ಎಂಬ ನಂಬಿಕೆ ಬರ್ಜೀಲಿಯಸ್ ಮನಸ್ಸಿನಲ್ಲಿ ಆಗಲೇ ಬೇರೂರಿತು. ಕೊನೆಯವರೆಗೂ ಅದು ಅವರನ್ನು ಬಿಡಲಿಲ್ಲ. ಸೋಡಿಯಂ ಕ್ಲೋರೈಡ್ ಎನ್ನುವಾಗ ಧನ ಭಾಗವನ್ನು ಮೊದಲು, ಋಣ ಭಾಗವನ್ನು ಆಮೇಲೆ ಹೇಳುವ ನಮ್ಮ ಇಂದಿನ ರೂಢಿಗೂ ಈ ಜೋಡಿಯ ಆಲೋಚನೆ ಚೆನ್ನಾಗಿ ಹೊಂದುತ್ತದೆ. 1803ರಲ್ಲಿ ಇಬ್ಬರೂ ಸೀರಿಯಂ ಎಂಬ ಹೊಸ ಧಾತುವಿನ ಆಕ್ಸೈಡನ್ನೂ ಕಂಡುಹಿಡಿದರು. ಇದೇ ಕಾಲದಲ್ಲಿ ಕೃತಕ ಖನಿಜಜಲದ ವ್ಯಾಪಾರಕ್ಕೆ ಕೈ ಹಾಕಿ ಸೋತು, ಆ ಸಾಲವನ್ನು ವರ್ಷಗಟ್ಟಲೆ ತೀರಿಸಿದರು.

ಅಡುಗೆಮನೆಯ ಲೆಕ್ಕಪುಸ್ತಕ

1807ರಲ್ಲಿ ಪ್ರಾಧ್ಯಾಪಕ ಹುದ್ದೆ ಸಿಕ್ಕಿತು. ವೈದ್ಯ ವಿದ್ಯಾರ್ಥಿಗಳಿಗೆ ರಸಾಯನಶಾಸ್ತ್ರ ಕಲಿಸಲು ಸ್ವೀಡಿಷ್ ಭಾಷೆಯಲ್ಲಿ ಒಳ್ಳೆಯ ಪುಸ್ತಕ ಇರಲಿಲ್ಲವಾದ್ದರಿಂದ ತಾವೇ ಬರೆಯಲು ಕೂತರು. ಬರೆಯುತ್ತಾ ಹಳೆಯ ಗ್ರಂಥಗಳನ್ನು ಓದುವಾಗ ಜರ್ಮನಿಯ ರಿಕ್ಟರ್ ಮಾಡಿದ್ದ ಅಳತೆಗಳು ಕಣ್ಣಿಗೆ ಬಿದ್ದವು. ಆಮ್ಲ, ಕ್ಷಾರಗಳು ನಿರ್ದಿಷ್ಟ ಪ್ರಮಾಣದಲ್ಲೇ ಕೂಡುತ್ತವೆ ಎನ್ನುತ್ತಿದ್ದವು ಅವು. ಇಂಗ್ಲೆಂಡಿನ ಜಾನ್ ಡಾಲ್ಟನ್ ಅದೇ ಹೊತ್ತಿಗೆ ಪರಮಾಣು ಸಿದ್ಧಾಂತ ಪ್ರಕಟಿಸಿದ್ದರು. ಸಿದ್ಧಾಂತ ಚೆನ್ನಾಗಿತ್ತು, ಅಂಕಿಗಳು ಚೆನ್ನಾಗಿರಲಿಲ್ಲ. ಆ ಅಂಕಿಗಳನ್ನು ಸರಿಪಡಿಸುವುದೇ ಬರ್ಜೀಲಿಯಸ್ ಅವರ ಮುಂದಿನ ಹತ್ತು ವರ್ಷಗಳ ಬದುಕಾಯಿತು.

ಪ್ರಯೋಗಾಲಯ ಎಂದರೆ ಅವರ ಮನೆಯ ಅಡುಗೆಮನೆಯೇ. ಅಲ್ಲಿ ಆ್ಯನಾ ಸುಂಡ್‌ಸ್ಟ್ರೋಮ್ ಎಂಬ ಮನೆಗೆಲಸದ ಮಹಿಳೆ ಅಡುಗೆಯನ್ನೂ ಮಾಡುತ್ತಿದ್ದರು, ಮೂಸೆ ಮತ್ತು ಬೀಕರುಗಳನ್ನೂ ತೊಳೆಯುತ್ತಿದ್ದರು, ಕ್ರಮೇಣ ಪ್ರಯೋಗಗಳಿಗೂ ನೆರವಾದರು. ಶುದ್ಧ ಆಮ್ಲ ಬೇಕಿದ್ದರೆ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ತಾವೇ ಭಟ್ಟಿ ಇಳಿಸಬೇಕಿತ್ತು. ಇಂಥ ಜಾಗದಲ್ಲಿ ಅವರು ಸುಮಾರು 2000 ಸಂಯುಕ್ತಗಳನ್ನು ವಿಶ್ಲೇಷಿಸಿದರು. ಆಗ ಗೊತ್ತಿದ್ದ 49 ಧಾತುಗಳ ಪೈಕಿ 45ರ ಪರಮಾಣು ತೂಕಗಳ ಪಟ್ಟಿ 1818ರಲ್ಲಿ ಹೊರಬಂತು. 1826ರಲ್ಲಿ ಅದನ್ನು ತಿದ್ದಿದರು. ಸೀಸದ ಬಗ್ಗೆ ಅವರು ಕೊಟ್ಟ ಅಂಕಿಯನ್ನು ನಮ್ಮ ಲೆಕ್ಕಕ್ಕೆ ಪರಿವರ್ತಿಸಿದರೆ ಸುಮಾರು 207.1 ಬರುತ್ತದೆ. ಇಂದಿನ ಅಂಕಿ 207.2. ಅಡುಗೆಮನೆಯಲ್ಲಿ ಮಾಡಿದ್ದು ಎಂಬುದನ್ನು ನೆನಪಿಟ್ಟುಕೊಂಡು ಈ ಎರಡು ಸಂಖ್ಯೆಗಳನ್ನು ಇನ್ನೊಮ್ಮೆ ನೋಡಿ.

ಇಷ್ಟೊಂದು ಫಲಿತಾಂಶಗಳನ್ನು ಬರೆಯುವುದು ಹೇಗೆ? ಪ್ರತಿ ಸಲ ವಸ್ತುವಿನ ಉದ್ದ ಹೆಸರು, ಅದರಲ್ಲಿ ಯಾವುದು ಎಷ್ಟು ಪಾಲು ಎಂದು ವಾಕ್ಯಗಳಲ್ಲಿ ಬರೆದರೆ ಪುಟಗಳು ತುಂಬುತ್ತವೆ, ಹೋಲಿಸಿ ನೋಡಲು ಆಗುವುದಿಲ್ಲ. ಡಾಲ್ಟನ್ ಬಳಿ ಚಿತ್ರಗಳಿದ್ದವು. ಖಾಲಿ ವೃತ್ತವೆಂದರೆ ಆಮ್ಲಜನಕ, ನಡುವೆ ಚುಕ್ಕೆಯಿದ್ದರೆ ಜಲಜನಕ, ಕಪ್ಪು ತುಂಬಿದ್ದರೆ ಇಂಗಾಲ. ನೋಡಲು ಚೆಂದ. ಆದರೆ ಮುದ್ರಣಾಲಯದಲ್ಲಿ ಅಂಥ ಅಚ್ಚುಮೊಳೆಗಳು ಇರಲಿಲ್ಲ, ಪ್ರತ್ಯೇಕವಾಗಿ ಕೆತ್ತಿಸಬೇಕಿತ್ತು. ಬರ್ಜೀಲಿಯಸ್ ಅವರ ಉಪಾಯ ಎಷ್ಟು ಸರಳವೆಂದರೆ, ಮೊದಲೇ ಯಾರಿಗೂ ಹೊಳೆಯಲಿಲ್ಲವೇ ಅನಿಸುತ್ತದೆ: ಯಾವ ಮುದ್ರಣಾಲಯದಲ್ಲೂ ಇರುವ ಅಕ್ಷರಗಳನ್ನೇ ಬಳಸುವುದು. ಸಂವಹನ ಓದಿದ ನನಗೆ ಅವರ ಕೆಲಸದಲ್ಲಿ ಬಹಳ ಇಷ್ಟವಾಗುವುದು ಇದು.

ನಿಯಮ ಹೀಗಿತ್ತು. ಧಾತುವಿನ ಲ್ಯಾಟಿನ್ ಹೆಸರಿನ ಮೊದಲ ಅಕ್ಷರವೇ ಅದರ ಸಂಕೇತ. ಎರಡು ಧಾತುಗಳು ಒಂದೇ ಅಕ್ಷರಕ್ಕೆ ಜಗಳವಾಡಿದರೆ ಅಲೋಹಕ್ಕೆ ಒಂಟಿ ಅಕ್ಷರ, ಲೋಹಕ್ಕೆ ಎರಡು ಅಕ್ಷರ. ಹಾಗಾಗಿ ಇಂಗಾಲಕ್ಕೆ ಸಿ, ಕೋಬಾಲ್ಟ್‌ಗೆ ಸಿಒ, ಲ್ಯಾಟಿನ್ನಿನಲ್ಲಿ ಕುಪ್ರಂ ಎನಿಸಿಕೊಳ್ಳುವ ತಾಮ್ರಕ್ಕೆ ಸಿಯು. ಗಂಧಕಕ್ಕೆ ಎಸ್, ತವರಕ್ಕೆ ಎಸ್‌ಎನ್. ಲ್ಯಾಟಿನ್ ಯಾಕೆಂದರೆ ಅದು ಆಗ ಯಾವ ದೇಶದ ಮಾತೃಭಾಷೆಯೂ ಅಲ್ಲ. ಇಂಗ್ಲಿಷ್, ಫ್ರೆಂಚ್, ಸ್ವೀಡಿಷ್ ಓದುಗರಿಗೆ ಸಮಾನ ದೂರದಲ್ಲಿತ್ತು.

ಸೋಡಿಯಂ ಪ್ರಶ್ನೆಗೆ ಈಗ ಉತ್ತರ. ಆ ಲೋಹವನ್ನು 1807ರಲ್ಲಿ ಬೇರ್ಪಡಿಸಿದ ಇಂಗ್ಲೆಂಡಿನ ಹಂಫ್ರಿ ಡೇವಿ ಸೋಡಿಯಂ, ಪೊಟ್ಯಾಶಿಯಂ ಎಂದು ಕರೆದರು. ಬರ್ಜೀಲಿಯಸ್ ತಮ್ಮ ಮೊದಲ ಪಟ್ಟಿಯಲ್ಲಿ ಅದಕ್ಕೆ ತಕ್ಕಂತೆ ಎಸ್‌ಒ, ಪಿಒ ಎಂದೇ ಬರೆದಿದ್ದರು! ಬೇಗನೆ ಅದನ್ನು ಬಿಟ್ಟು ನೇಟ್ರಿಯಂ, ಕೇಲಿಯಂ ಎಂಬ ಹೆಸರುಗಳಿಂದ ಎನ್‌ಎ, ಕೆ ತಂದರು. ಕೇಲಿಯಂ ಎಂಬುದರ ಬೇರು ಅರಬ್ಬಿ ಭಾಷೆಯಲ್ಲಿ ಸಸ್ಯದ ಬೂದಿಗಿದ್ದ ಹೆಸರಿನಲ್ಲಿದೆ. ಡೇವಿಯ ಹೆಸರು ಇಂಗ್ಲಿಷಿನಲ್ಲಿ ಉಳಿಯಿತು, ಕನ್ನಡಕ್ಕೆ ಇಂಗ್ಲಿಷಿನಿಂದ ಬಂತು. ನಾವು ಡೇವಿಯ ಹೆಸರನ್ನು ಹೇಳುತ್ತೇವೆ, ಬರ್ಜೀಲಿಯಸ್‌ರ ಅಕ್ಷರ ಬರೆಯುತ್ತೇವೆ. ಮಕ್ಕಳು ಗೊಂದಲಗೊಳ್ಳುವುದರಲ್ಲಿ ತಪ್ಪೇನಿದೆ?

ಅಕ್ಷರ ಬರೀ ಹೆಸರಿನ ಸಂಕ್ಷೇಪವಾಗಿದ್ದರೆ ಇದೊಂದು ಶೀಘ್ರಲಿಪಿ ಅಷ್ಟೇ ಆಗುತ್ತಿತ್ತು. ಆದರೆ ಒ ಎಂದರೆ ಆಮ್ಲಜನಕ ಎಂದಷ್ಟೇ ಅಲ್ಲ, ಆಮ್ಲಜನಕದ ಒಂದು ನಿರ್ದಿಷ್ಟ ಪಾಲು ಎಂದೂ ಅರ್ಥ. ಆ ಪಾಲಿಗೆ ಅವರ ಪಟ್ಟಿಯಲ್ಲಿ ಒಂದು ತೂಕವಿದೆ. ಹೀಗಾಗಿ ಸೂತ್ರವನ್ನು ನೋಡಿದ ಕೂಡಲೇ ತೂಕದ ಲೆಕ್ಕ ಮಾಡಬಹುದು. ನೀರನ್ನು ಅವರು ಮೊದಲು ನಡುವೆ ಕೂಡುವ ಚಿಹ್ನೆಯಿಟ್ಟು 2ಎಚ್+ಒ ಎಂದು ಬರೆದರು. ದೊಡ್ಡ ಸಂಯುಕ್ತಗಳಲ್ಲಿ ಆ ಚಿಹ್ನೆಯನ್ನು ಕೈಬಿಟ್ಟು, ಸಂಖ್ಯೆಯನ್ನು ಬೀಜಗಣಿತದ ಘಾತದಂತೆ ಅಕ್ಷರದ ತಲೆಯ ಮೇಲೆ ಕೂರಿಸಿದರು. ಅಂದರೆ ಎಚ್²ಒ. ಅದನ್ನು ಕಾಲಬುಡಕ್ಕೆ ಇಳಿಸಿ ಎಚ್₂ಒ ಮಾಡಿದ್ದು 1834ರಲ್ಲಿ, ಜರ್ಮನಿಯಲ್ಲಿ, ಲೀಬಿಗ್.

ಹೆಸರಿಡುವ ವಿಷಯದಲ್ಲೂ ಅವರ ಪಾಲು ಇದೆ. 1811ರಲ್ಲಿ ಫ್ರೆಂಚರ ಪದ್ಧತಿಯನ್ನು ವಿಸ್ತರಿಸಿ, ಒಂದೇ ಲೋಹ ಎರಡು ಬಗೆಯಲ್ಲಿ ಕೂಡಿದಾಗ ಫೆರಸ್, ಫೆರಿಕ್ ಎಂದು ಬೇರೆ ಮಾಡುವ ಕ್ರಮವನ್ನು ಲ್ಯಾಟಿನ್ನಿನಲ್ಲಿ ಮುಂದಿಟ್ಟರು. ಇದೇನು ಬರೀ ವ್ಯಾಕರಣ ಎನ್ನಬೇಡಿ. ರಕ್ತಹೀನತೆಗೆ ಗರ್ಭಿಣಿಯರಿಗೆ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಸಾಮಾನ್ಯವಾಗಿ ಇರುವುದು ಫೆರಸ್ ಸಲ್ಫೇಟ್. ಗೇಟಿನ ಮೇಲಿನ ತುಕ್ಕಿನಲ್ಲಿರುವುದು ಫೆರಿಕ್ ಕಬ್ಬಿಣ. ಕರುಳು ಫೆರಸ್ ರೂಪವನ್ನು ಸುಲಭವಾಗಿ ಹೀರಿಕೊಳ್ಳುತ್ತದೆ. ಪದದ ಕೊನೆಯ ಎರಡಕ್ಷರ ಇಲ್ಲಿ ಔಷಧವನ್ನು ತುಕ್ಕಿನಿಂದ ಬೇರ್ಪಡಿಸುತ್ತದೆ.

ಡಾಲ್ಟನ್‌ಗೆ ಈ ಅಕ್ಷರಗಳು ಎಳ್ಳಷ್ಟೂ ಹಿಡಿಸಲಿಲ್ಲ. ಪರಮಾಣು ಸಿದ್ಧಾಂತದ ಅಂದವನ್ನೇ ಇವು ಮಸುಕಾಗಿಸುತ್ತವೆ, ಇದನ್ನು ಕಲಿಯುವುದಕ್ಕಿಂತ ಹೀಬ್ರೂ ಕಲಿಯಬಹುದು ಎಂಬರ್ಥದ ಮಾತನ್ನು 1837ರಲ್ಲೂ ಬರೆದರು. ಅಷ್ಟು ಹೊತ್ತಿಗೆ ಇಂಗ್ಲೆಂಡಿನ ಯುವ ರಸಾಯನಜ್ಞರು ಬರ್ಜೀಲಿಯಸ್ ಕಡೆ ವಾಲಿದ್ದರು.

ಆಮ್ಲಜನಕ ಎಂಬ ಹೆಸರಿನ ಎಡವಟ್ಟು

ಈಗ ಮೊದಲೇ ಹೇಳಿದ ತಪ್ಪಿನ ಕಥೆ. ಎಲ್ಲ ಆಮ್ಲಗಳಲ್ಲೂ ಆಕ್ಸಿಜನ್ ಇರಲೇಬೇಕು ಎಂದು ಲವಾಸಿಯೆ ನಂಬಿದ್ದರು. ಆಕ್ಸಿಜನ್ ಎಂಬ ಗ್ರೀಕ್ ಮೂಲದ ಪದದ ಅರ್ಥವೇ ಆಮ್ಲವನ್ನು ಹುಟ್ಟಿಸುವುದು. ಕನ್ನಡದ ಆಮ್ಲಜನಕ ಅದರ ಅಚ್ಚು ಅನುವಾದ. ಲವಾಸಿಯೆಯ ತಪ್ಪನ್ನು ನಾವೂ ಜೋಪಾನವಾಗಿ ಕಾಪಾಡಿಕೊಂಡಿದ್ದೇವೆ!

ತಪ್ಪು ಯಾಕೆಂದರೆ, ನಮ್ಮ ಹೊಟ್ಟೆಯಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕದ ಸುಳಿವೇ ಇಲ್ಲ. ಅದು ಎಚ್‌ಸಿಎಲ್, ಅಷ್ಟೇ. ಆಗ ಅದಕ್ಕೆ ಮ್ಯುರಿಯಾಟಿಕ್ ಆಮ್ಲ ಎಂಬ ಹೆಸರಿತ್ತು. ಅದರಿಂದ ಸಿಗುತ್ತಿದ್ದ ಹಳದಿ ಹಸಿರು ಅನಿಲವನ್ನು ಸ್ವೀಡನ್ನಿನವರೇ ಆದ ಷೀಲೆ 1774ರಲ್ಲಿ ಕಂಡಿದ್ದರು. ಸಿದ್ಧಾಂತದ ಪ್ರಕಾರ ಅದರಲ್ಲಿ ಇನ್ನೂ ಹೆಚ್ಚು ಆಮ್ಲಜನಕ ಇರಬೇಕು ಎಂದು ಲೆಕ್ಕ ಹಾಕಿ, ಆಕ್ಸಿಮ್ಯುರಿಯಾಟಿಕ್ ಆಮ್ಲ ಎಂದು ಹೆಸರಿಟ್ಟರು. 1810ರಲ್ಲಿ ಡೇವಿ ಎಷ್ಟೇ ಪ್ರಯತ್ನಿಸಿದರೂ ಆ ಅನಿಲದಿಂದ ಆಮ್ಲಜನಕ ಹೊರಬರಲಿಲ್ಲ. ಅದೊಂದು ಮೂಲಧಾತು ಎಂದು ಘೋಷಿಸಿ, ಬಣ್ಣ ನೋಡಿ ಕ್ಲೋರಿನ್ ಎಂದರು.

ಬರ್ಜೀಲಿಯಸ್ ಒಪ್ಪಲಿಲ್ಲ. ಸುಮಾರು ಹತ್ತು ವರ್ಷ ಹಳೆಯ ಹೆಸರಿಗೇ ಅಂಟಿಕೊಂಡರು. ಅಳತೆಯಲ್ಲಿ ಯಾರೂ ಸರಿಸಾಟಿಯಿಲ್ಲದ ಮನುಷ್ಯ ಇಲ್ಲದ ಆಮ್ಲಜನಕವನ್ನು ಅಷ್ಟು ಕಾಲ ಕಂಡಿದ್ದು ಹೇಗೆ? ಹೆಸರಿನೊಳಗೇ ಅದು ಕೂತಿತ್ತು ಎಂಬುದೂ ಒಂದು ಕಾರಣ ಎಂದು ನನಗನಿಸುತ್ತದೆ. ಕೊನೆಗೆ 1820ರ ಹೊತ್ತಿಗೆ ಪುರಾವೆಗಳ ಮುಂದೆ ಮಣಿದರು. ಜರ್ಮನಿಯಿಂದ ಬಂದು 1823-24ರಲ್ಲಿ ಅವರ ಬಳಿ ಕಲಿತ ಫ್ರೆಡ್ರಿಕ್ ವೋಲರ್ ಒಂದು ಪ್ರಸಂಗ ಬರೆದಿಟ್ಟಿದ್ದಾರೆ. ಪಾತ್ರೆ ತೊಳೆಯುತ್ತಿದ್ದ ಆ್ಯನಾ, ಇದು ಆಕ್ಸಿಮ್ಯುರಿಯಾಟಿಕ್ ಆಮ್ಲದ ವಾಸನೆ ಹೊಡೆಯುತ್ತಿದೆ ಎಂದರಂತೆ. ಇನ್ನು ಮುಂದೆ ಹಾಗೆನ್ನಬಾರದು, ಕ್ಲೋರಿನ್ ಎನ್ನಬೇಕು, ಅದೇ ಉತ್ತಮ ಎಂದು ಬರ್ಜೀಲಿಯಸ್ ತಿದ್ದಿದರಂತೆ. ಯುರೋಪಿನ ದೊಡ್ಡ ವಿವಾದವೊಂದು ಮುಗಿದ ಸುದ್ದಿ ವೋಲರ್‌ಗೆ ತಿಳಿದಿದ್ದು ಹಾಗೆ, ಪಾತ್ರೆ ತೊಳೆಯುವ ಜಾಗದಲ್ಲಿ.

ಇಂಥ ಇನ್ನೊಂದು ಪ್ರಸಂಗವೂ ಇದೆ. 1815ರಲ್ಲಿ ಹೊಸ ಧಾತು ಸಿಕ್ಕಿತೆಂದು ನಾರ್ಡಿಕ್ ದೇವತೆ ಥೋರ್ ಹೆಸರಿನಲ್ಲಿ ಥೋರಿಯಂ ಎಂದು ಕರೆದರು. ಅದು ಆಗಲೇ ಗೊತ್ತಿದ್ದ ಇಟ್ರಿಯಂನ ಫಾಸ್ಫೇಟ್ ಎಂದು ಆಮೇಲೆ ತಾವೇ ಕಂಡುಕೊಂಡು ಹಿಂತೆಗೆದುಕೊಂಡರು. ನಾರ್ವೆಯ ಒಂದು ಖನಿಜದಲ್ಲಿ ನಿಜವಾದ ಹೊಸ ಧಾತು ಸಿಕ್ಕಿದಾಗ ಅದೇ ಹೆಸರನ್ನು ಮತ್ತೆ ಕೊಟ್ಟರು. 1817ರಲ್ಲಿ ಸೆಲೆನಿಯಂ, 1824ರಲ್ಲಿ ಸಿಲಿಕಾನ್ ಕೂಡ ಅವರದೇ.

ಸೂತ್ರ ಒಂದೇ, ವಸ್ತು ಎರಡು

1820ರ ದಶಕದಲ್ಲಿ ಸೂತ್ರಗಳಿಗೇ ಒಂದು ಪೆಟ್ಟು ಬಿತ್ತು. ವೋಲರ್ ಬೆಳ್ಳಿಯ ಸಯನೇಟ್ ವಿಶ್ಲೇಷಿಸಿದರು. ಲೀಬಿಗ್ ಬೆಳ್ಳಿಯ ಫಲ್ಮಿನೇಟ್ ವಿಶ್ಲೇಷಿಸಿದರು. ಮೊದಲನೆಯದು ಸುಮ್ಮನಿರುವ ಪುಡಿ, ಎರಡನೆಯದು ಮುಟ್ಟಿದರೆ ಸಿಡಿಯುವ ಸ್ಫೋಟಕ. ಎರಡರಲ್ಲೂ ಅದೇ ಧಾತುಗಳು, ಅದೇ ಪ್ರಮಾಣ! ಯಾರೋ ಒಬ್ಬರು ತಪ್ಪಿರಬೇಕು ಎಂದು ಮೊದಲು ಅನುಮಾನ ಬಂತು. ಇಬ್ಬರೂ ಸರಿಯಿದ್ದರು. 1828ರಲ್ಲಿ ವೋಲರ್ ಅಮೋನಿಯಂ ಸಯನೇಟ್‌ನಿಂದ ಯೂರಿಯಾ ಪಡೆದು, ಮೂತ್ರಪಿಂಡದ ಹಂಗಿಲ್ಲದೆ ಯೂರಿಯಾ ಮಾಡಿದ್ದೇನೆ ಎಂದು ಗುರುವಿಗೆ ಸಂಭ್ರಮದ ಪತ್ರ ಬರೆದರು. ಜೀವಿಗಳಲ್ಲಿ ಮಾತ್ರ ಇರುವ ಪ್ರಾಣಶಕ್ತಿ ಎಂಬ ನಂಬಿಕೆ ಅಂದೇ ಸತ್ತಿತು ಎಂದು ಅನೇಕ ಪುಸ್ತಕಗಳು ಹೇಳುತ್ತವೆ. ಅದು ಆಮೇಲೆ ಕಟ್ಟಿದ ಕಥೆ, ಆ ನಂಬಿಕೆ ನಿಧಾನಕ್ಕೆ ಕರಗಿದ್ದು. ಗುರು ಶಿಷ್ಯರಿಗೆ ಮುಖ್ಯವೆನಿಸಿದ ಇನ್ನೊಂದು ಸಂಗತಿ ಅದರಲ್ಲಿತ್ತು: ಅಮೋನಿಯಂ ಸಯನೇಟ್ ಮತ್ತು ಯೂರಿಯಾ ಎರಡರ ಧಾತು ಲೆಕ್ಕವೂ ಒಂದೇ.

1830ರಲ್ಲಿ ಬರ್ಜೀಲಿಯಸ್ ಇದಕ್ಕೆ ಐಸೊಮೆರಿಸಂ ಎಂಬ ಹೆಸರು ಕೊಟ್ಟರು. ಸಮಾನ ಭಾಗಗಳುಳ್ಳದ್ದು ಎಂಬುದು ಅದರ ಅರ್ಥ. ಯಾವುದು ಎಷ್ಟಿದೆ ಎಂದು ತಿಳಿದರೆ ಸಾಲದು, ಹೇಗೆ ಜೋಡಣೆಯಾಗಿದೆ ಎಂಬುದೂ ಬೇಕು ಎಂದು ಒಪ್ಪಿದಂತಾಯಿತು. ಸೂತ್ರಪದ್ಧತಿ ತಂದವರೇ ಅದರ ಮಿತಿಗೂ ಹೆಸರಿಟ್ಟರು. ವೇಗವರ್ಧನೆಗೆ ನಾವು ಬಳಸುವ ಕೆಟಾಲಿಸಿಸ್, ಹಾಗೆಯೇ ಪಾಲಿಮರ್, ಪ್ರೋಟೀನ್ ಎಂಬ ಪದಗಳೂ ಅವರಿಂದಲೇ ಬಂದವು.

ಆಹಾರದ ಪೊಟ್ಟಣದ ಮೇಲೆ ಉದ್ದದ ರಾಸಾಯನಿಕ ಹೆಸರು ಕಂಡು ಬೆಚ್ಚುವವರು ಈ ಸಿಡಿಯುವ ಬೆಳ್ಳಿಯನ್ನು ನೆನೆಯಬಹುದು. ಧಾತುಗಳ ಪಟ್ಟಿಯೇ ಅಪಾಯವನ್ನು ಹೇಳುವುದಿಲ್ಲ, ಹೆಸರಿನ ಉದ್ದವಂತೂ ಹೇಳುವುದೇ ಇಲ್ಲ. ಆಸ್ಕಾರ್ಬಿಕ್ ಆಮ್ಲ ಎಂದರೆ ನೆಲ್ಲಿಕಾಯಿಯಲ್ಲಿರುವ ವಿಟಮಿನ್ ಸಿ.

ವಯಸ್ಸಾದಂತೆ ಬರ್ಜೀಲಿಯಸ್ ಬಿಗಿಯಾದರು. 1820ರ ದಶಕದ ಆರಂಭದಿಂದ ಪ್ರತಿ ವರ್ಷ ಅವರು ಬರೆಯುತ್ತಿದ್ದ ರಸಾಯನಶಾಸ್ತ್ರದ ವಾರ್ಷಿಕ ವರದಿ ಯುರೋಪಿನ ನ್ಯಾಯಪೀಠದಂತಿತ್ತು. 1835ರಲ್ಲಿ, 56ರ ವಯಸ್ಸಿನಲ್ಲಿ, 24ರ ಬೆಟ್ಟಿ ಪೋಪಿಯಸ್‌ರನ್ನು ಮದುವೆಯಾದರು. ಸ್ವೀಡನ್ನಿನ ರಾಜ ಅಂದೇ ಅವರಿಗೆ ಬ್ಯಾರನ್ ಪದವಿ ಕೊಟ್ಟರು. ಆ್ಯನಾ ಮರುವರ್ಷ ಆ ಮನೆ ಬಿಟ್ಟರು. 28 ವರ್ಷ ಆ ಅಡುಗೆಮನೆಯಲ್ಲಿ ದುಡಿದ ಅವರ ಹೆಸರಿನಲ್ಲಿ ಒಂದು ಸಂಕೇತವೂ ಇಲ್ಲ.

ಆಮೇಲಿನ ದೊಡ್ಡ ಜಗಳ ಫ್ರಾನ್ಸಿನ ಡ್ಯೂಮಾ ಜೊತೆ. ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲದ ಮೂರು ಹೈಡ್ರೋಜನ್‌ಗಳ ಜಾಗದಲ್ಲಿ ಕ್ಲೋರಿನ್ ಕೂರಿಸಿದರೂ ಅದು ಹೆಚ್ಚುಕಡಿಮೆ ಹಾಗೆಯೇ ಆಮ್ಲವಾಗಿ ಉಳಿಯುತ್ತದೆ ಎಂದು ಡ್ಯೂಮಾ ತೋರಿಸಿದರು. ಧನದ ಜಾಗದಲ್ಲಿ ಋಣ ಬಂದು ಕೂರುವುದೇ? ಬರ್ಜೀಲಿಯಸ್ ಜೋಡಿ ಸಿದ್ಧಾಂತಕ್ಕೆ ಇದು ಅಸಾಧ್ಯ. ಅವರು ಅದೇ ವಸ್ತುವನ್ನು ಬೇರೆ ಬೇರೆ ತುಂಡುಗಳ ಜೋಡಣೆಯಾಗಿ, ಹೆಚ್ಚು ತೊಡಕಿನ ಸೂತ್ರಗಳಲ್ಲಿ ಬರೆಯತೊಡಗಿದರು. ಹಿಂದೆ ಅಳತೆಯಿಂದ ಸೂತ್ರ ಬರುತ್ತಿತ್ತು, ಈಗ ನಂಬಿಕೆಯನ್ನು ಉಳಿಸಲು ಸೂತ್ರ ಬರುತ್ತಿತ್ತು. ಅತ್ತ ವೋಲರ್ 1840ರಲ್ಲಿ ಡ್ಯೂಮಾ ಪಕ್ಷವನ್ನು ಅಣಕಿಸಿ ಒಂದು ಸುಳ್ಳು ಸಂಶೋಧನಾ ಪತ್ರವನ್ನೇ ಪ್ರಕಟಿಸಿದರು. ಒಂದು ಉಪ್ಪಿನ ಪ್ರತಿ ಪರಮಾಣುವನ್ನೂ ಕ್ಲೋರಿನ್‌ನಿಂದ ಬದಲಿಸಿದ್ದಾಯಿತು, ಲಂಡನ್ನಿನಲ್ಲಿ ಶುದ್ಧ ಕ್ಲೋರಿನ್ ಬಟ್ಟೆ ಮಾರಾಟಕ್ಕಿದೆ ಎಂಬುದು ಅದರ ಸಾರ. ಬರೆದವರ ಹೆಸರು ಎಸ್. ಸಿ. ಎಚ್. ವಿಂಡ್ಲರ್. ಕೂಡಿಸಿ ಓದಿದರೆ ಜರ್ಮನ್ ಭಾಷೆಯಲ್ಲಿ ವಂಚಕ! ನಗು ಬಂದರೂ ವಾದದಲ್ಲಿ ಗೆದ್ದವರು ಡ್ಯೂಮಾ ಕಡೆಯವರೇ.

ಬರ್ಜೀಲಿಯಸ್ 1848ರ ಆಗಸ್ಟ್ 7ರಂದು ಸ್ಟಾಕ್‌ಹೋಮ್‌ನಲ್ಲಿ ತೀರಿಕೊಂಡರು. ಆ ಹೊತ್ತಿಗೆ ಅವರ ಅಕ್ಷರಗಳು ಎಲ್ಲೆಡೆ ಇದ್ದವು, ಅಂಕಿಗಳು ಅಲ್ಲಾಡುತ್ತಿದ್ದವು. ಅನೇಕರು ನೀರನ್ನು ಡಾಲ್ಟನ್ ಹೇಳಿದಂತೆ ಎಚ್‌ಒ ಎಂದೇ ಬರೆಯುತ್ತಿದ್ದರು. ಇದಕ್ಕೆ ಬರ್ಜೀಲಿಯಸ್ ಕೂಡ ಸ್ವಲ್ಪ ಕಾರಣ. ಜೋಡಿ ಪರಮಾಣು ಎಂದು ತೋರಿಸಲು ಅವರು ಅಕ್ಷರದ ಮೇಲೆ ಅಡ್ಡಗೆರೆ ಎಳೆಯಲು ಶುರು ಮಾಡಿದ್ದರು. ಆಮ್ಲಜನಕಕ್ಕೆ ಒ ಬದಲು ಚುಕ್ಕೆ ಇಡುತ್ತಿದ್ದರು. ಗೆರೆ ಎಳೆದ ಎಚ್ ಯಾವ ಮುದ್ರಣಾಲಯದಲ್ಲೂ ಇರಲಿಲ್ಲ, ಡಾಲ್ಟನ್ನನ ವೃತ್ತಗಳಿಗಿದ್ದ ತೊಂದರೆಯೇ ಇವಕ್ಕೂ ಬಂತು. 1861ರ ತಮ್ಮ ಪುಸ್ತಕದಲ್ಲಿ ಕೆಕುಲೆ ಅಸಿಟಿಕ್ ಆಮ್ಲ ಒಂದಕ್ಕೇ ಬಳಕೆಯಲ್ಲಿದ್ದ 19 ಸೂತ್ರಗಳನ್ನು ಪಟ್ಟಿ ಮಾಡಿದರು.

ಈ ಗೊಂದಲ ಬಗೆಹರಿಸಲೆಂದೇ 1860ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕಾರ್ಲ್ಸ್‌ರೂ ಊರಿನಲ್ಲಿ ರಸಾಯನಜ್ಞರು ಸೇರಿದರು. ಇಟಲಿಯ ಕ್ಯಾನಿಜ್ಜಾರೋ ಬರೆದಿದ್ದ ಕಿರುಪುಸ್ತಕವೊಂದನ್ನು ಅಲ್ಲಿ ಹಂಚಲಾಯಿತು. ಅನಿಲಗಳ ಗಾತ್ರದಿಂದ ಪರಮಾಣು ತೂಕಗಳನ್ನು ನಿರ್ಧರಿಸುವ ದಾರಿ ಅದರಲ್ಲಿತ್ತು. ಮುಂದಿನ ವರ್ಷಗಳಲ್ಲಿ ಒಬ್ಬೊಬ್ಬರಾಗಿ ಅದನ್ನು ಒಪ್ಪಿದರು, ನೀರು ಮತ್ತೆ ಎರಡು ಹೈಡ್ರೋಜನ್ ಒಂದು ಆಕ್ಸಿಜನ್ ಆಯಿತು. ಫ್ರೆಂಚ್ ಪುಸ್ತಕಗಳಲ್ಲಿ ಮಾತ್ರ ಆ 2 ಇನ್ನೂ ಎಷ್ಟೋ ಕಾಲ ಎಚ್‌ನ ತಲೆಯ ಮೇಲೇ ಕೂತಿತ್ತು.